ಎರಡನೇ ಹಾಡಿನ ಮೇಲೆ ಬಾಗಿಲು ಹಾಕುತ್ತಾರೆ

ಎರಡನೇ ಹಾಡು ಮುಗಿದ ಕೂಡಲೇ ಚರ್ಚಿನ ಬಾಗಿಲು ಹಾಕಬೇಕೆಂಬ ನಿಯಮವನ್ನು ತಂದವನು ಲೊರೆಟಾಳ ಗಂಡ ರಾಯ್ಸ್. ಅವನು ಅದನ್ನು ಸಭೆಯ ಮುಂದಿಟ್ಟಾಗ ಲೊರೆಟಾಳೂ ಎಲ್ಲರ ಜೊತೆ ಕೈ ಎತ್ತಿದ್ದಳು. ಬೇರೆ ಯಾವುದೋ ರಾಜ್ಯದಲ್ಲಿ ಒಬ್ಬ ತಲೆಕೆಟ್ಟವನು ಬಂದೂಕು ಹಿಡಿದು ಆರಾಧನೆಯ ನಡುವೆ ನುಗ್ಗಿದ್ದನ್ನು ಆ ವಾರವಿಡೀ ಟೀವಿಯಲ್ಲಿ ತೋರಿಸುತ್ತಿದ್ದರು. ಶೆರಿಫನ ಗಾಡಿ ಜಿಲ್ಲಾ ಕೇಂದ್ರದಿಂದ ಬೆಟ್ಟದ ದಾರಿ ಸುತ್ತಿ ಅವರ ಊರು ಟಾಲ್ಬಟ್ ಕ್ರೀಕಿಗೆ ಬರುವಷ್ಟರಲ್ಲಿ ಆಗಬಾರದ್ದೆಲ್ಲ ಆಗಿ ಮುಗಿದಿರುತ್ತದೆ. ನಮ್ಮನ್ನು ನಾವೇ ಕಾಯ್ದುಕೊಳ್ಳಬೇಕು, ಸರ್ಕಾರ ಕಾಯುತ್ತದೆಂದು ನಂಬಿ ಕೂತವರು ಮತ್ತೆ ಏಳುವುದಿಲ್ಲ ಎಂದು ರಾಯ್ಸ್ ಹೇಳಿದಾಗ ಅವಳಿಗೆ ಆ ಮಾತಿನಲ್ಲಿ ತಪ್ಪು ಕಂಡಿರಲಿಲ್ಲ. ಈಗಲೂ ಕಾಣುವುದಿಲ್ಲ. ಅವಳ ತೊಂದರೆ ಇರುವುದೇ ಅಲ್ಲಿ.

ಅವಳ ಕೈಚೀಲದಲ್ಲೂ ಒಂದು ಸಣ್ಣ ಪಿಸ್ತೂಲಿರುತ್ತದೆ. ಗುರಿ ಹಿಡಿಯುವುದನ್ನು ಅವಳಿಗೂ ಅವಳ ತಂಗಿ ನೆಲ್ಡಾಳಿಗೂ ಅವರ ಅಮ್ಮನೇ ಕಲಿಸಿದ್ದಳು, ರೊಟ್ಟಿಯ ಹಿಟ್ಟು ನಾದುವುದನ್ನು ಕಲಿಸಿದ ಹಾಗೆ. ರಾಯ್ಸನ ಏರ್‌ಕಂಡೀಷನ್ ರಿಪೇರಿ ಅಂಗಡಿಯ ಲೆಕ್ಕಪತ್ರ ನೋಡುವವಳು ಲೊರೆಟಾಳೇ ಆದ್ದರಿಂದ, ವಾಷಿಂಗ್ಟನ್ನಿನಲ್ಲಿ ಕೂತು ಒಂದು ಸ್ಕ್ರೂ ಕೂಡ ತಿರುಗಿಸಿ ಗೊತ್ತಿಲ್ಲದವರು ವರ್ಷಕ್ಕೊಂದು ಹೊಸ ಕಾನೂನು ಬರೆಯುವುದರ ಬಿಸಿ ಅವಳಿಗೆ ಬೇರೆಯವರಿಗಿಂತ ಚೆನ್ನಾಗಿ ತಟ್ಟಿತ್ತು. ಸರ್ಕಾರ ದೊಡ್ಡದಾದಷ್ಟೂ ನೆರೆಹೊರೆ ಚಿಕ್ಕದಾಗುತ್ತದೆ ಎಂದು ಅವಳು ನಂಬಿದ್ದಳು. ಒಂದು ಮನೆ ಸುಟ್ಟುಹೋದರೆ ಸಂಜೆಯೊಳಗೆ ಹಾಸಿಗೆ, ಪಾತ್ರೆ, ಮಕ್ಕಳ ಬೂಟು ತಂದು ಜೋಡಿಸುವುದು ಚರ್ಚಿನ ಹೆಂಗಸರೇ ಹೊರತು ಯಾವ ಇಲಾಖೆಯೂ ಅಲ್ಲ. ಅವಳ ರಾಜಕೀಯವೆಂದರೆ ಅಷ್ಟೇ. ಉಳಿದದ್ದನ್ನು ರೇಡಿಯೋದವರು ಕೂಗಿಕೊಳ್ಳಲಿ.

ನೆಲ್ಡಾಳೂ ಅವಳ ಹಾಗೆಯೇ ಮತ ಹಾಕುತ್ತಾಳೆ. ಆದರೆ ಚರ್ಚಿಗೆ ಬರುವುದಿಲ್ಲ. ಒಂದು ಕಾಲದಲ್ಲಿ ಭಾನುವಾರದ ಮಕ್ಕಳ ತರಗತಿಯನ್ನು ಅವಳೇ ನಡೆಸುತ್ತಿದ್ದಳು. ಗಂಡ ಬಿಟ್ಟುಹೋದಾಗ ಸಭೆಯ ಹಿರಿಯರು ಮನೆಗೆ ಬಂದು, ಕಾಫಿ ಕುಡಿದು, ಸ್ವಲ್ಪ ದಿನ ವಿಶ್ರಾಂತಿ ತಗೋ ಮಗಳೇ ಎಂದು ಹೇಳಿ ಹೋದರು. ವಿಶ್ರಾಂತಿ ಮುಗಿಯಿತು ಎಂದು ಹೇಳಲು ಯಾರೂ ಬರಲಿಲ್ಲ. ಅವಳು ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಹಿಡಿದಳು, ಭಾನುವಾರಗಳನ್ನು ನಿದ್ದೆಗೆ ಕೊಟ್ಟಳು. ಇತ್ತ ಬುಧವಾರದ ಪ್ರಾರ್ಥನಾ ಕೂಟದಲ್ಲಿ ಮಾತ್ರ ಪ್ರತಿ ವಾರವೂ ಅವಳ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದರು. ಅದು ನೆಲ್ಡಾಳಿಗೂ ಗೊತ್ತಿತ್ತು. "ನನ್ನ ಹೆಸರು ಈಗ ಪಟ್ಟೀಲಿ ಎಲ್ಲಿಗೆ ಬಂತು? ಮಂಡಿಚಿಪ್ಪು ಬದಲಾಯಿಸಿಕೊಂಡೋರಿಗಿಂತ ಮುಂದೋ ಹಿಂದೋ?" ಎಂದು ಕೇಳುತ್ತಿದ್ದಳು.

ಆ ಚಳಿಗಾಲದಲ್ಲಿ ಆಶ್ರಮದ ಒಬ್ಬ ಮುದುಕ ಸಾಯುವ ಹೊತ್ತಿಗೆ ನೆಲ್ಡಾಳ ಕೈ ಹಿಡಿದುಕೊಂಡು ಚರ್ಚಿನ ಹಾಡೊಂದನ್ನು ಹಾಡು ಎಂದನಂತೆ. ಅವಳು ಹಾಡಿದಳು. ಮೂರನೇ ಚರಣ ನೆನಪಾಗಲಿಲ್ಲ. ಅವನು ಅದಕ್ಕಾಗಿಯೇ ಕಾದು, ಕಾದು, ಹೋಗಿಬಿಟ್ಟ. ಇದನ್ನು ನೆಲ್ಡಾ ಫೋನಿನಲ್ಲಿ ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು. ಆಮೇಲೆ, "ಈ ಭಾನುವಾರ ಬರ್ತೀನಿ ಕಣೇ," ಅಂದಳು. "ಪಾಳಿ ಮುಗಿಸಿ ಬರೋದ್ರಲ್ಲಿ ತಡ ಆಗುತ್ತೆ. ಹಿಂದಿನ ಬೆಂಚಲ್ಲಿ ಕೂತು ಎದ್ದು ಹೋಗ್ತೀನಿ. ಯಾರಿಗೂ ಹೇಳ್ಬೇಡ, ತಮಟೆ ಬಡೀಬೇಡ."

ಲೊರೆಟಾ ಯಾರಿಗೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ರಾಯ್ಸನಿಗೆ ಮಾತ್ರ ಹೇಳಿದಳು. ಅವನು ಅಡುಗೆಮನೆಯಲ್ಲಿ ನಿಂತು ಸೊಂಟಕ್ಕೆ ಪಿಸ್ತೂಲಿನ ಚೀಲ ಬಿಗಿಯುತ್ತಿದ್ದ. ಬೇಗ ಬರಲು ಹೇಳು ಅಂದ. ಆಗುವುದಿಲ್ಲ, ಮುಂದಿನ ಪಾಳಿಯವಳು ಬರುವವರೆಗೆ ಮುದುಕರನ್ನು ಬಿಟ್ಟು ಹೊರಡುವ ಹಾಗಿಲ್ಲ ಎಂದಳು.

"ಹಾಗಾದ್ರೆ ಏನು ಮಾಡ್ಲಿ, ಲೊರಿ? ನನ್ನ ನಾದಿನಿಗೊಂದು ಕಾನೂನು, ಊರಿಗೊಂದು ಕಾನೂನಾ? ಅಲ್ಲಿ ಮೇಲೆ ಕೂತೋರು ಮಾಡೋದು ಅದನ್ನೇ ಅಂತ ನೀನೇ ದಿನಾ ಬೈತೀಯಲ್ಲ."

ಬೈಯುತ್ತಿದ್ದಳು, ನಿಜ. ತನ್ನದೇ ಮಾತು ತಿರುಗಿ ಬಂದು ಎದುರು ನಿಂತಾಗ ಅವಳು ಒಲೆಯ ಮೇಲಿನ ಬಾಣಲೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. ರಾಯ್ಸ್ ಕೆಟ್ಟವನಲ್ಲ. ಕೋಟು ಹಾಕಿಕೊಳ್ಳುತ್ತಾ, ಆಯಿತು, ನಾನು ಬಾಗಿಲಿನ ಕ್ಯಾಮೆರಾದ ಪರದೆಯ ಮುಂದೆಯೇ ಇರುತ್ತೇನೆ, ಕಂಡರೆ ನೋಡೋಣ, ಎಂದ. ಅವಳು ಅದನ್ನು ಮಾತು ಕೊಟ್ಟ ಹಾಗೆ ಎಂದುಕೊಂಡಳು.

ಟಾಲ್ಬಟ್ ಕ್ರೀಕಿನಲ್ಲಿ ಹಾಡುವವರ ಸಾಲುಗಳಿರುವುದು ಪಾಸ್ಟರನ ಬೆನ್ನ ಹಿಂದೆ, ಮೂರು ಮೆಟ್ಟಿಲು ಎತ್ತರದಲ್ಲಿ, ಜನರಿಗೆ ಎದುರಾಗಿ. ಎಲ್ಲರೂ ಶಿಲುಬೆಯ ಕಡೆ ನೋಡುವಾಗ ಹಾಡುವವರು ಮಾತ್ರ ಬಾಗಿಲಿನ ಕಡೆ ನೋಡುತ್ತಾರೆ. ಹೊರಗೂ ಒಳಗೂ ಕಣ್ಣಿರಲಿ ಎಂದು ರಾಯ್ಸ್ ಒಳಬಾಗಿಲುಗಳನ್ನು ತೆರೆದೇ ಇಡಿಸಿದ್ದರಿಂದ, ನೀಲಿ ನಿಲುವಂಗಿ ತೊಟ್ಟು ಎರಡನೇ ಸಾಲಿನಲ್ಲಿ ನಿಂತ ಲೊರೆಟಾಳಿಗೆ ನಡುದಾರಿಯುದ್ದಕ್ಕೂ ಹೊರಗಿನ ಗಾಜಿನ ಬಾಗಿಲಿನವರೆಗೆ ಕಾಣುತ್ತಿತ್ತು. ಮೊದಲ ಹಾಡು ಮುಗಿಯಿತು. ಎರಡನೆಯದೂ ಮುಗಿಯಿತು. ಗಾಜಿನ ಬಾಗಿಲ ಬಳಿ ನಿಂತಿದ್ದ, ರಾಯ್ಸನ ಕಾವಲು ತಂಡದ ಕರ್ಟಿಸ್ ಬೋಮನ್ ಬೀಗ ತಿರುಗಿಸಿ, ಎಳೆದು ನೋಡಿ, ಬೆನ್ನು ನೆಟ್ಟಗೆ ಮಾಡಿ ನಿಂತ.

ಕರ್ಟಿಸ್ ಹೊಸಬ. ಕ್ಯಾಲಿಫೋರ್ನಿಯಾದ ತೆರಿಗೆ ತಾಳಲಾರದೆ, ಅಲ್ಲಿನವರ ಬುದ್ಧಿಯನ್ನೂ ತಾಳಲಾರದೆ, ಹೆಂಡತಿಯನ್ನು ಕರೆದುಕೊಂಡು ಮಿಸೌರಿಗೆ ಬಂದು ಮನೆ ಕಟ್ಟಿಕೊಂಡವನು. ಹೊಸದಾಗಿ ಬಂದವರಿಗೆ ಊರಿನ ನಿಯಮಗಳ ಮೇಲೆ ಊರಿನವರಿಗಿಂತ ಹೆಚ್ಚು ಪ್ರೀತಿ. ನೆಲ್ಡಾಳನ್ನು ಅವನು ಕಂಡೇ ಇರಲಿಲ್ಲ.

ಪಾಸ್ಟರ್ ಆದ ಬ್ರದರ್ ವೆಂಡೆಲ್ ಆ ದಿನ ಬೋಧಿಸಿದ್ದು ಬೈಬಲಿನ ಕಥೆಯಲ್ಲಿ ಒಂದು ಕೈಯಲ್ಲಿ ಕಲ್ಲು, ಇನ್ನೊಂದು ಕೈಯಲ್ಲಿ ಕತ್ತಿ ಹಿಡಿದು ಪಟ್ಟಣದ ಗೋಡೆ ಕಟ್ಟಿದವರ ವಿಷಯ. ಒಳ್ಳೆಯ ಬೋಧನೆ. ಲೊರೆಟಾ ಕೇಳಲಿಲ್ಲ. ಗಾಜನ್ನೇ ನೋಡುತ್ತಿದ್ದಳು. ಬೋಧನೆ ಮುಗಿದು, ಪಾಸ್ಟರ್ ಕೆಳಗಿಳಿದು ಎರಡೂ ಕೈ ಚಾಚಿ, ಯಾರ ಹೃದಯವನ್ನು ಕರ್ತನು ತಟ್ಟುತ್ತಿದ್ದಾನೋ ಅವರು ಮುಂದೆ ಬನ್ನಿ ಎಂದು ಕರೆದ. ಕರೆಯ ಹಾಡು ಶುರುವಾಯಿತು. ಯಾರಾದರೂ ಎದ್ದು ಬರುವವರೆಗೂ ಅದನ್ನು ಮತ್ತೆ ಮತ್ತೆ ಹಾಡುವುದು ವಾಡಿಕೆ. ಆ ಹೊತ್ತಿನಲ್ಲಿ ನಡುದಾರಿಗೆ ಕಾಲಿಟ್ಟವರೆಲ್ಲರೂ ದೇವರಿಗಾಗಿಯೇ ಕಾಲಿಟ್ಟವರು.

ಎರಡನೇ ಚರಣದ ಹೊತ್ತಿಗೆ ಗಾಜಿನ ಆಚೆ ಹಳದಿ ಕೋಟು ಕಂಡಿತು.

ಕರ್ಟಿಸ್ ಅಂಗೈ ಎತ್ತಿ ತೋರಿಸಿದ: ನಿಲ್ಲು. ನೆಲ್ಡಾ ಗಾಜಿಗೆ ಮುಖ ತಂದು ಏನೋ ಹೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿ ವಾಕಿಟಾಕಿಗೆ ಬಾಯಿ ಹಚ್ಚಿದ. ಲೊರೆಟಾ ಹಾಡುತ್ತಲೇ, ಕ್ಯಾಮೆರಾ ಪರದೆಯಿರುವ ಮೂಲೆಯ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ರಾಯ್ಸ್ ಇರಲಿಲ್ಲ. ಮಕ್ಕಳ ಕೋಣೆಯ ಹಿಂಬಾಗಿಲ ಚಿಲಕ ಕೂರುತ್ತಿಲ್ಲವೆಂದು ಯಾರೋ ಕರೆದು, ಅವನು ಸ್ಕ್ರೂಡ್ರೈವರ್ ಹಿಡಿದು ಅತ್ತ ಹೋಗಿದ್ದನೆಂದು ಅವಳಿಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ನೆಲ್ಡಾ ಕೈಚೀಲದೊಳಗೆ ಕೈ ಹಾಕಿದಳು. ಕರ್ಟಿಸನ ಕೈ ಅವನ ಕೋಟಿನೊಳಗೆ ಹೋಯಿತು.

ಲೊರೆಟಾಳ ಬಾಯಲ್ಲಿ ಹಾಡು ನಿಂತಿತು. ಪಕ್ಕದವಳನ್ನು ದಾಟಿ, ನಿಲುವಂಗಿ ಎತ್ತಿ ಹಿಡಿದು, ಮೂರು ಮೆಟ್ಟಿಲೂ ಇಳಿದು ಬಂದಳು. ಇಡೀ ಸಭೆ ಉಸಿರು ಒಳಗೆಳೆದುಕೊಂಡದ್ದು ಅವಳಿಗೆ ಕೇಳಿಸಿತು. ಚಿಕ್ಕವಳಿದ್ದಾಗಿನಿಂದ ಹಾಡುತ್ತಾ ಬಂದ ಲೊರೆಟಾ ಹ್ಯಾಸ್ಕೆಟ್ ಕರೆಯ ಹಾಡಿಗೆ ಎದ್ದು ಬರುವುದೆಂದರೆ! ಬ್ರದರ್ ವೆಂಡೆಲನ ಕಣ್ಣಲ್ಲಿ ಆಗಲೇ ನೀರು. ಅವನು ಎರಡು ಹೆಜ್ಜೆ ಮುಂದೆ ಬಂದು ಅವಳ ಎರಡೂ ಕೈಗಳನ್ನು ಹಿಡಿದುಕೊಂಡ.

"ನೆಲ್ಡಾ," ಅಂದಳು ಅವಳು.

"ಗೊತ್ತು ಸಿಸ್ಟರ್. ಗೊತ್ತು."

"ಅಲ್ಲ ಬ್ರದರ್, ಅವಳು—"

ಅವನು ಆಗಲೇ ಮಂಡಿಯೂರಿದ್ದ. ಹಿಡಿದ ಕೈ ಬಿಡದಿದ್ದರಿಂದ ಅವಳೂ ಊರಬೇಕಾಯಿತು. ಅವನ ಕೋಟಿಗೆ ಸಿಕ್ಕಿಸಿದ್ದ ಸಣ್ಣ ಮೈಕು ಎಲ್ಲವನ್ನೂ ಎಲ್ಲೆಡೆಗೂ ಒಯ್ದಿತು. "ಕರ್ತನೇ, ನಿನ್ನ ಮಗಳು ನೆಲ್ಡಾ ಎಲ್ಲೇ ಇರಲಿ, ಈ ಹೊತ್ತು ಯಾವ ದಾರೀಲಿ ಅಲೀತಿರಲಿ, ಅವಳನ್ನ ಮನೆಗೆ ಕರೆದು ತಾ." ಆಮೆನ್ ಎಂದಿತು ಸಭೆ. ಮುಂದಿನ ಸಾಲುಗಳಿಂದ ಹೆಂಗಸರು ಎದ್ದು ಬಂದು ಲೊರೆಟಾಳ ಬೆನ್ನ ಮೇಲೆ, ಹೆಗಲ ಮೇಲೆ, ತಲೆಯ ಮೇಲೆ ಕೈಯಿಟ್ಟರು. ಪ್ರೀತಿಯಿಂದ ಇಟ್ಟ ಕೈಗಳು. ಒಂದೊಂದೂ ಒಂದೊಂದು ಬಿಂದಿಗೆ ನೀರಿನಷ್ಟು ಭಾರ. ಯಾರದೋ ಮಂಡಿ ಅವಳ ನಿಲುವಂಗಿಯ ಅಂಚಿನ ಮೇಲಿತ್ತು. ಏಳಲು ನೋಡಿದಳು, ಅವಳು ಬಿಕ್ಕುತ್ತಿದ್ದಾಳೆಂದುಕೊಂಡು ಅವರು ಇನ್ನೂ ಒತ್ತಿ ಹಿಡಿದರು. ಕೂಗಬಹುದಿತ್ತು. ಆದರೆ ಚರ್ಚಿನಲ್ಲಿ ಅವಳು ಒಮ್ಮೆಯೂ ಕೂಗಿದವಳಲ್ಲ. ಕೂಗುವುದು ಹೇಗೆಂದು ಗಂಟಲಿಗೆ ಗೊತ್ತಿರಲಿಲ್ಲ. ನೆಲ್ಡಾ ಬಾಗಿಲಲ್ಲಿದ್ದಾಳೆ, ನೆಲ್ಡಾ ಬಾಗಿಲಲ್ಲಿದ್ದಾಳೆ ಎಂದು ಅವಳು ರತ್ನಗಂಬಳಿಯ ಕಡೆ ಮುಖ ಮಾಡಿಯೇ ಹೇಳಿದಳು. ಹೌದು, ಕರ್ತನೇ, ಎಂದವು ಸುತ್ತಲಿನ ದನಿಗಳು.

ಅವರು ಕೈ ತೆಗೆದಾಗ ಗಾಜಿನಾಚೆ ಯಾರೂ ಇರಲಿಲ್ಲ.

ಕರ್ಟಿಸ್ ಅವಳಿಗೆ ಸಮಾಧಾನದಿಂದಲೇ ವರದಿ ಒಪ್ಪಿಸಿದ. ಗುರುತಿಲ್ಲದ ಹೆಂಗಸು ಒಬ್ಬಳು ಬಂದಿದ್ದಳು, ಗುರುತಿನ ಚೀಟಿ ತೆಗೆದು ತೋರಿಸಿದಳು, ನಿಯಮ ಹೇಳಿದೆ, ಹೋದಳು, ಏನೂ ಗಲಾಟೆಯಾಗಲಿಲ್ಲ. ಕೊನೆಯದನ್ನು ಅವನು ಹೇಳಿದ ರೀತಿ ನೋಡಿದರೆ ಅವಳಿಂದ ಒಂದು ಥ್ಯಾಂಕ್ಸ್ ನಿರೀಕ್ಷಿಸುತ್ತಿದ್ದ. ಅವಳು ಅದನ್ನೂ ಹೇಳಿದಳು. ಬಾಯಿಗೆ ಅಭ್ಯಾಸ.

ಆ ದಿನ ಸಭೆಯ ನಂತರ ಊಟವಿತ್ತು. ಪ್ರತಿಯೊಬ್ಬಳೂ ಬಂದು ಅವಳನ್ನು ತಬ್ಬಿಕೊಂಡು, ನೆಲ್ಡಾ ಬಂದೇ ಬರುತ್ತಾಳೆ, ನನಗೆ ಒಳಗಿನಿಂದ ಅನ್ನಿಸುತ್ತಿದೆ ಎಂದಳು. ಬಂದಿದ್ದಳು ಎಂದು ಹೇಳಲು ಅವಳ ನಾಲಿಗೆ ಏಳಲಿಲ್ಲ. ಹೇಳಿದರೆ ಇವರೆಲ್ಲ ನಿಜವಾಗಿ ಅಳುತ್ತಾರೆ, ಆಮೇಲೆ ಬುಧವಾರ ಅದಕ್ಕೂ ಪ್ರಾರ್ಥಿಸುತ್ತಾರೆ. ಗಂಡಸರ ಮೇಜಿನಲ್ಲಿ ಮೊಟ್ಟೆಯ ಬೆಲೆ, ಗಡಿ, ಬರುವ ಚುನಾವಣೆ. ಬೇಲಿಯಿಲ್ಲದ ದೇಶ ದೇಶವೇ ಅಲ್ಲ ಎಂದ ಒಬ್ಬ. ಅವಳು ಹುರುಳಿಕಾಯಿಯ ತಟ್ಟೆ ಹಿಡಿದು ನಿಂತು ಕೇಳಿದಳು. ಒಂದೊಂದು ಮಾತಿಗೂ ಅವಳ ಮನಸ್ಸು ಹೌದು ಅಂದಿತು. ಎಲ್ಲಕ್ಕೂ ಹೌದು ಅಂದು, ಕೊನೆಗೆ ಬಂದು ನಿಂತದ್ದು ಮಾತ್ರ ಎಲ್ಲಿ ಎಂಬುದು ಅವಳಿಗೆ ಅರ್ಥವಾಗಲಿಲ್ಲ.

ಸಂಜೆ ಕ್ಯಾನ್ಸಸ್ ಸಿಟಿಯಿಂದ ಮಗಳು ಪೇಜ್ ಫೋನು ಮಾಡಿದಾಗಲೂ ಲೊರೆಟಾ ಹವೆಯ ವಿಷಯ ಮಾತಾಡಿದಳು. ನಡೆದದ್ದನ್ನು ಕೇಳಿದರೆ ಪೇಜ್ ಸಂತೋಷಪಡುತ್ತಿದ್ದಳು. ದುಃಖದ ದನಿಯಲ್ಲಿ ಸಂತೋಷಪಡುತ್ತಿದ್ದಳು. ನಿಮ್ಮ ಜನ ಇಷ್ಟೇ ಅಮ್ಮ, ನಾನು ಹೇಳಿರಲಿಲ್ಲವಾ ಎನ್ನುತ್ತಿದ್ದಳು. ನನ್ನ ಜನ ಇಷ್ಟೇ ಅಲ್ಲ ಎಂದು ವಾದಿಸುವ ಶಕ್ತಿ ಆ ಸಂಜೆ ಲೊರೆಟಾಳಲ್ಲಿ ಇರಲಿಲ್ಲ. ತನ್ನವರ ಮೇಲಿನ ಸಿಟ್ಟನ್ನು ಹೇಳಿಕೊಳ್ಳಲು ತನ್ನವರೇ ಬೇಕು. ಹೊರಗಿನವರಿಗೆ ಹೇಳಿದರೆ ಅದು ಅವರ ಆಸ್ತಿಯಾಗಿಬಿಡುತ್ತದೆ.

ವಿಷಯ ತಿಳಿದು ರಾಯ್ಸ್ ನಿಜವಾಗಿ ನೊಂದುಕೊಂಡ. ಎರಡು ಸಲ ಕ್ಷಮಿಸು ಅಂದ. ನೆಲ್ಡಾಳಿಗೆ ಫೋನು ಮಾಡಲು ಹೋಗಿ, ಅವಳು ಎತ್ತದೆ, ಒರಟಾಗಿ ಕೆಮ್ಮಿ, ಸಂದೇಶ ಬಿಟ್ಟ. ಆದರೆ ಮಲಗುವ ಮುಂಚೆ, "ನಿಯಮದ್ದು ತಪ್ಪಿಲ್ಲ ಲೊರಿ, ಮನುಷ್ಯ ಹೊಸಬ," ಎಂದ.

"ನಮ್ಮ ಚರ್ಚು ದೇಶ ಅಲ್ಲ ರಾಯ್ಸ್."

"ಮಕ್ಕಳಿದಾವೆ ಒಳಗೆ," ಎಂದ ಅವನು. ಮಕ್ಕಳು ನಿಜವಾಗಿಯೂ ಒಳಗಿದ್ದರು.

ಮರುದಿನ ಅವಳು ನೆಲ್ಡಾಳ ಮನೆಗೆ, ಗಾಲಿಗಳ ಮೇಲಿನ ಟ್ರೇಲರಿಗೆ, ಹೋದಳು. ನೆಲ್ಡಾ ಬಾಗಿಲು ತೆರೆದು, ಕೈ ಮೇಲೆತ್ತಿ ನಿಂತಳು. "ಹುಡುಕ್ಕೊಳ್ಳಮ್ಮ. ನನ್ನ ಹತ್ರ ಏನೂ ಇಲ್ಲ." ಆಮೇಲೆ ನಕ್ಕು ಒಳಗೆ ಕರೆದು ಕಾಫಿ ಕೊಟ್ಟಳು. ಜಗಳವಾಡಿದ್ದರೆ ಲೊರೆಟಾಳಿಗೆ ಸುಲಭವಾಗುತ್ತಿತ್ತು.

"ಮತ ಹಾಕೋಕೆ ಚೀಟಿ ತೋರಿಸು ಅಂತಾರೆ, ತೋರಿಸ್ತೀನಿ. ತೋರಿಸಲೇಬೇಕು ಅನ್ನೋಳೇ ನಾನು. ಯೇಸು ಹತ್ರ ಹೋಗೋಕೂ ತೋರಿಸಿದೆ ಕಣೇ, ಅದೂ ನಡೀಲಿಲ್ಲ." ನೆಲ್ಡಾ ಲೋಟದೊಳಗೆ ನೋಡುತ್ತಾ ಹೇಳಿದಳು. ಸಾಂಕ್ರಾಮಿಕ ಜ್ವರ ಹಬ್ಬಿದ ವರ್ಷ ಜನ ಕಾರಿನೊಳಗೇ ಕೂತು ಆರಾಧನೆ ಕೇಳಲೆಂದು ಹಾಕಿದ್ದ ಸ್ಪೀಕರು ಅಂಗಳದ ಕಂಬದ ಮೇಲೆ ಇನ್ನೂ ಇದೆ. ಅದರಲ್ಲಿ ಅವಳಿಗೆ ಎಲ್ಲವೂ ಕೇಳಿಸಿತ್ತು. "ಈ ಕಡೆ ಇವನು ಕೋಟೊಳಗೆ ಕೈ ಇಟ್ಕೊಂಡು ನಿಂತಿದಾನೆ. ತಲೆ ಮೇಲೆ ಬ್ರದರ್ ವೆಂಡೆಲ್, ನೆಲ್ಡಾ ಎಲ್ಲೇ ಇರಲಿ ಕರ್ತನೇ. ಇಲ್ಲೇ ಇದೀನಲ್ಲಪ್ಪಾ ಅಂತ ಗಾಜು ಕುಟ್ಟಿದೆ. ಆಮೇಲೆ, ನಾನು ಇಲ್ಲದೇನೇ ಇಷ್ಟು ಚೆನ್ನಾಗಿ ನಡೀತಿದೆಯಲ್ಲ, ಯಾಕೆ ಕೆಡಿಸೋದು ಅನ್ನಿಸ್ತು."

ಇನ್ನೊಂದು ಸಲ ಬಾ ಎಂದಳು ಲೊರೆಟಾ. ನೋಡೋಣ ಎಂದಳು ನೆಲ್ಡಾ, ಅವರ ಮನೆಯಲ್ಲಿ ಇಲ್ಲ ಎನ್ನುವುದಕ್ಕೆ ಬಳಸುವ ಮಾತು ಅದು.

ಮನೆಗೆ ಕಾರು ಓಡಿಸಿಕೊಂಡು ಬರುವಾಗ ಲೊರೆಟಾ ಸ್ಟಿಯರಿಂಗನ್ನು ಅಂಗೈಯಿಂದ ಗುದ್ದಿದಳು. ಒಮ್ಮೆ ಗುದ್ದಿದ ಮೇಲೆ ಮತ್ತೆ ಮತ್ತೆ ಗುದ್ದಿದಳು. ನಿಯಮ ತೆಗೆಯಿರಿ ಎಂದು ಸಭೆಯಲ್ಲಿ ಎದ್ದು ನಿಲ್ಲಬಹುದು. ಅದು ಗಂಡನ ವಿರುದ್ಧ ನಿಂತ ಹಾಗೆ, ಮತ್ತು ಅವಳಿಗೆ ನಿಯಮ ಹೋಗುವುದು ಬೇಕಾಗಿಯೂ ಇರಲಿಲ್ಲ. ಬೇಕಾಗಿದ್ದದ್ದು ಬಾಗಿಲಲ್ಲಿ ಮುಖ ಗುರುತಿರುವ ಒಬ್ಬರು. ಈ ಊರಿನಲ್ಲಿ ಯಾರು ಯಾರ ಮಗಳು, ಯಾರು ಯಾವಾಗ ಯಾಕೆ ಬರುವುದು ಬಿಟ್ಟರು ಎನ್ನುವುದು ಗೊತ್ತಿರುವವಳು. ಗಂಡಸರಿಗೆ ಅದು ಗೊತ್ತಿರುವುದಿಲ್ಲ.

ಕಾವಲು ತಂಡಕ್ಕೆ ಸೇರುತ್ತೇನೆಂದು ಅವಳು ಹೇಳಿದಾಗ ರಾಯ್ಸ್ ನಕ್ಕ. ಅವಳು ನಗಲಿಲ್ಲ. ಬಂದೂಕಿನ ಪರವಾನಗಿ ಇರಬೇಕು, ಗುರಿಯ ಪರೀಕ್ಷೆ ಪಾಸಾಗಬೇಕು, ಸಭೆಯ ಸದಸ್ಯರಾಗಿರಬೇಕು, ಇಷ್ಟೇ ತಾನೇ ನೀನು ಬರೆದದ್ದು ಎಂದಳು. ಗಂಡಸಾಗಿರಬೇಕು ಎಂದು ಬರೆಯಲು ಅವನಿಗೆ ಹೊಳೆದಿರಲಿಲ್ಲ. ಬ್ರದರ್ ವೆಂಡೆಲ್ ಮೆಲ್ಲಗೆ, ಗಂಡನ ಒಪ್ಪಿಗೆ ಇದೆಯಾ ಸಿಸ್ಟರ್, ಎಂದು ಕೇಳಿದ. ರಾಯ್ಸ್ ನೆಲ ನೋಡಿ, "ಕಾನೂನು ಅಂದ್ರೆ ಎಲ್ಲರಿಗೂ ಒಂದೇ," ಎಂದ. ಗುರಿ ಹೊಡೆಯುವ ದಿನ ಅವಳ ಗುಂಡುಗಳು ಕರ್ಟಿಸನ ಗುಂಡುಗಳಿಗಿಂತ ಒತ್ತಾಗಿ ಕೂತವು. ಅವನು ಟೋಪಿ ತೆಗೆದು, ನಮ್ಮ ಕಡೆ ಹೆಂಗಸರು ಹೀಗಿದ್ದಿದ್ದರೆ ನಾನು ಆ ರಾಜ್ಯ ಬಿಡುತ್ತಲೇ ಇರಲಿಲ್ಲ ಎಂದ. ಅವನ ಮೇಲೆ ಸಿಟ್ಟಿಟ್ಟುಕೊಳ್ಳುವುದೂ ಕಷ್ಟವಾಯಿತು.

ಹಾಗೆ ಅವಳು ನಿಲುವಂಗಿ ಕಳಚಿಟ್ಟು ಬಾಗಿಲಿಗೆ ಬಂದಳು. ಭಾನುವಾರಗಳು ಹೋದವು. ಹಾಡು ಬೆನ್ನ ಹಿಂದಿನಿಂದ ಕೇಳುತ್ತಿತ್ತು, ಅವಳ ದನಿ ಇಲ್ಲದ ಕಡೆ ಅವಳಿಗೆ ಮಾತ್ರ ಕೇಳುವ ಒಂದು ತೂತು ಇತ್ತು. ತಡವಾಗಿ ಬಂದ ಗರ್ಭಿಣಿ ಒಬ್ಬಳನ್ನು ಒಳಗೆ ಬಿಟ್ಟಳು. ದನಗಳಿಗೆ ಹುಲ್ಲು ಹಾಕಲು ಹೋಗಿ ಗಾಡಿ ಕೆಟ್ಟು ನಿಂತ ಮುದುಕನನ್ನು ಬಿಟ್ಟಳು. ಅವರ ಹೆಸರನ್ನು ವಾಕಿಟಾಕಿಯಲ್ಲಿ ಹೇಳಿದರೆ ಸಾಕಿತ್ತು, ರಾಯ್ಸ್ ಸರಿ ಅನ್ನುತ್ತಿದ್ದ. ಎಲ್ಲರೂ ಇದು ಮೊದಲೇ ಆಗಬೇಕಿತ್ತು ಎಂದರು. ಹಳದಿ ಕೋಟು ಮಾತ್ರ ಬರಲಿಲ್ಲ.

ಬಂದದ್ದು ವಸಂತ ಶುರುವಾದ ಮೇಲೆ. ನೆಲ್ಡಾಳ ಕಾರು ಅಂಗಳಕ್ಕೆ ಬಂದು, ಬಾಗಿಲಿಗೆ ಎದುರಾಗಿ, ಆದರೆ ದೂರದಲ್ಲಿ ನಿಂತಿತು. ಅವಳು ಇಳಿಯಲಿಲ್ಲ. ಪಾಳಿಯ ಬಟ್ಟೆಯಲ್ಲೇ ಕೂತು ಕಾಗದದಲ್ಲಿ ಸುತ್ತಿದ ಮೊಟ್ಟೆಯ ಬನ್ನು ತಿನ್ನುತ್ತಿದ್ದಳು. ಲೊರೆಟಾ ಬಾಗಿಲನ್ನು ಪೂರ್ತಿ ತೆರೆದು ಹಿಡಿದು, ಬಾ ಎಂದು ಕೈ ಮಾಡಿದಳು. ನೆಲ್ಡಾ ಬನ್ನು ಹಿಡಿದ ಕೈಯನ್ನೇ ಎತ್ತಿ ಆಡಿಸಿ, ತಲೆ ಅಲ್ಲಾಡಿಸಿದಳು. ಇಲ್ಲ. ಇಲ್ಲಿಂದಲೇ ಸಾಕು.

ಬಾಗಿಲಲ್ಲಿರುವವರು ಬಾಗಿಲು ಬಿಟ್ಟು ಕದಲಬಾರದು. ಲೊರೆಟಾ ವಾಕಿಟಾಕಿಯಲ್ಲಿ, ಯಾರಾದರೂ ನನ್ನ ಜಾಗಕ್ಕೆ ಬನ್ನಿ ಎಂದಳು. ಕರೆಯ ಹಾಡು ಜೋರಾಗಿತ್ತು, ಯಾರೂ ಉತ್ತರಿಸಲಿಲ್ಲ. ಮತ್ತೆ ಕರೆದಳು. ಕಾರು ಯಾವ ಕ್ಷಣದಲ್ಲಾದರೂ ಹೊರಟುಬಿಡಬಹುದಿತ್ತು. ತೆರೆದೇ ಬಿಟ್ಟು ಓಡಲು ಕಾಲು ಬರಲಿಲ್ಲ, ಒಳಗೆ ಮಕ್ಕಳಿದ್ದರು. ಅವಳು ಹೊರಗೆ ಬಂದು, ಬಾಗಿಲೆಳೆದು, ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಅಂಗಳ ದಾಟಿ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತಳು.

"ಕೆಲಸ ಬಿಟ್ಟು ಬಂದ್ಯಲ್ಲೇ," ಅಂದಳು ನೆಲ್ಡಾ. ಅಕ್ಕನ ಸೊಂಟದ ಕಡೆ ನೋಡಿದಳು. "ನನ್ನನ್ನ ಒಳಗೆ ಕರೆಯೋಕೆ ಪಿಸ್ತೂಲು ಕಟ್ಕೊಂಡ್ಯಾ?"

"ಒಳಗೆ ಬಾರೇ."

"ನಿದ್ದೆ ಬರ್ತಿದೆ ಕಣೇ. ಇಲ್ಲೇ ಕೇಳ್ತಿದೆ."

ಲೊರೆಟಾಳಿಗೆ ಒದೆಯಬೇಕೆನ್ನಿಸಿತು, ಯಾರನ್ನೆಂದು ತಿಳಿಯಲಿಲ್ಲ. ಇಷ್ಟೆಲ್ಲ ಮಾಡಿದ್ದು ಒಂದು ಅಂಗಳ ದಾಟಿ ಬರಲಾರದವಳಿಗಾಗಿಯೇ? ಪಕ್ಕದಲ್ಲಿ ನೆಲ್ಡಾಳ ಕಣ್ಣ ಕೆಳಗೆ ಊದಿತ್ತು, ಕೈಯಿಂದ ಆಶ್ರಮದ ಸಾಬೂನಿನ ವಾಸನೆ ಬರುತ್ತಿತ್ತು. ವಾಕಿಟಾಕಿ ಗರಗರ ಎಂದಿತು. ಬಾಗಿಲಲ್ಲಿ ಯಾರಿದ್ದೀರಿ, ಎಂದಿತು ರಾಯ್ಸನ ದನಿ.

"ಬೀಗ ಹಾಕಿದೆ. ನಾನು ಹೊರಗಿದೀನಿ. ನೆಲ್ಡಾ ಜೊತೆ."

ಸ್ವಲ್ಪ ಹೊತ್ತಿನಲ್ಲಿ ಗಾಜಿನ ಹಿಂದೆ ಅವನು ಕಾಣಿಸಿಕೊಂಡ. ಕಣ್ಣ ಮೇಲೆ ಕೈ ಅಡ್ಡ ಹಿಡಿದು ಅವರ ಕಡೆ ನೋಡಿದ.

"ಹಿಂದಿನ ಸೀಟು ಖಾಲಿ ಇದೆ ಅಂತ ಹೇಳು," ಅಂದಳು ನೆಲ್ಡಾ, ಕಾಗದ ಮುದುಡುತ್ತಾ. ತಮಾಷೆಗೆ ಹೇಳಿದಳೋ ಏನೋ. ಲೊರೆಟಾ ಗುಂಡಿ ಒತ್ತಿ, ತಂಡದ ಎಲ್ಲರಿಗೂ ಕೇಳಿಸುವಂತೆ, ಅದನ್ನೇ ಹೇಳಿದಳು.

ರಾಯ್ಸ್ ತಿರುಗಿ ಒಳಗೆ ನೋಡಿದ. ಮತ್ತೆ ಹೊರಗೆ ನೋಡಿದ. ಬಾಗಿಲಿನ ಕೀಲಿ ಅವನ ಜೇಬಿನಲ್ಲೇ ಇತ್ತು, ಬಾಗಿಲಲ್ಲಿ ಈಗ ಇದ್ದವನೂ ಅವನೊಬ್ಬನೇ. ಹಾಡು ಮುಂದಿನ ಚರಣಕ್ಕೆ ಹೋಯಿತು. ಅವನು ಅಲ್ಲಿಯೇ, ಗಾಜಿಗೆ ಅಂಗೈ ಹಚ್ಚಿಕೊಂಡು ನಿಂತಿದ್ದ.